ತಪ್ಪು ಮಾಲೀಕನದು, ಹೊರೆ ಆಟಗಾರರದು

2014ರ ಏಪ್ರಿಲ್ 27, ಭಾನುವಾರ ಮಧ್ಯಾಹ್ನ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಒರಾಕಲ್ ಅರೆನಾ ಕಿಕ್ಕಿರಿದಿದೆ. ಅಲ್ಲಿನ ತಂಡ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೂ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೂ ನಡುವೆ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪ್ಲೇ ಆಫ್‌ನ ನಾಲ್ಕನೇ ಪಂದ್ಯ. ಮೈದಾನಕ್ಕೆ ಬಂದ ಕ್ಲಿಪ್ಪರ್ಸ್ ಆಟಗಾರರು ಎಂದಿನಂತೆ ಚೆಂಡು ಹಿಡಿದು ತಾಲೀಮಿಗೆ ಇಳಿಯಲಿಲ್ಲ. ಎಲ್ಲರೂ ಅಂಕಣದ ನಡುವಿನ ವೃತ್ತಕ್ಕೆ ನಡೆದರು. ಮೇಲಂಗಿಗಳನ್ನು ಕಳಚಿ ಅಲ್ಲೇ ರಾಶಿ ಹಾಕಿದರು. ಒಳಗೆ ತೊಟ್ಟಿದ್ದ ಕೆಂಪು ಅಂಗಿಗಳು ಒಳಮಗ್ಗುಲು ಹೊರಗಾಗಿದ್ದವು. ತಂಡದ ಹೆಸರು ಯಾರಿಗೂ ಕಾಣುತ್ತಿರಲಿಲ್ಲ.

ಯಾರೂ ಭಾಷಣ ಮಾಡಲಿಲ್ಲ, ಘೋಷಣೆ ಕೂಗಲಿಲ್ಲ. ಕೈಗೆ ಕಪ್ಪು ಪಟ್ಟಿ, ಕಾಲಿಗೆ ಕಪ್ಪು ಕಾಲುಚೀಲ ಹಾಕಿಕೊಂಡು ಆಡಿದರು. 118-97ರಿಂದ ಸೋತರು.

ಆ ಪಂದ್ಯವನ್ನು ಆಡಲೇಬಾರದಿತ್ತು ಎಂದವರಿದ್ದಾರೆ. ಅಂಗಿ ತಿರುವಿ ತೊಟ್ಟರೆ ಸಾಕೇ, ಮನೆಗೆ ಹೋಗಬೇಕಿತ್ತು ಎಂದು ಹಳೆಯ ಆಟಗಾರರೂ ಅಂಕಣಕಾರರೂ ಬರೆದರು, ಟಿ.ವಿ.ಯಲ್ಲಿ ವಾದಿಸಿದರು. ಆದರೆ ಆ ಎರಡು ದಿನಗಳಲ್ಲಿ ಆಟಗಾರರ ಮುಂದಿದ್ದ ಆಯ್ಕೆಗಳು ಎಂಥವು ಎಂದು ತಿಳಿದರೆ ಪ್ರಶ್ನೆಯನ್ನು ಬೇರೆಯವರಿಗೆ ಕೇಳಬೇಕು ಅನ್ನಿಸುತ್ತದೆ.

ಹೊರಬಿದ್ದ ಮಾತು

ಪಂದ್ಯಕ್ಕೆ ಎರಡು ದಿನ ಮುಂಚೆ, ಶುಕ್ರವಾರ ರಾತ್ರಿ, ಟಿಎಂಝಡ್ ಎಂಬ ಸುದ್ದಿತಾಣ ಒಂದು ಧ್ವನಿಮುದ್ರಿಕೆಯನ್ನು ಬಹಿರಂಗಪಡಿಸಿತು. ಅದರಲ್ಲಿದ್ದದ್ದು ಕ್ಲಿಪ್ಪರ್ಸ್ ತಂಡದ ಮಾಲೀಕ ಡೊನಾಲ್ಡ್ ಸ್ಟರ್ಲಿಂಗ್ ತನ್ನ ಗೆಳತಿಯೊಂದಿಗೆ ಆಡಿದ ಮಾತು. ಆಕೆ ಬ್ಯಾಸ್ಕೆಟ್‌ಬಾಲ್ ದಿಗ್ಗಜ ಮ್ಯಾಜಿಕ್ ಜಾನ್ಸನ್ ಜೊತೆಗಿನ ಚಿತ್ರವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದು ಆತನಿಗೆ ಸಹ್ಯವಾಗಿರಲಿಲ್ಲ. ಕಪ್ಪು ಜನರೊಂದಿಗೆ ಕಾಣಿಸಿಕೊಳ್ಳುವುದನ್ನು ಊರಿಗೆಲ್ಲ ಸಾರಬೇಡ, ಅವರನ್ನು ನನ್ನ ತಂಡದ ಪಂದ್ಯಗಳಿಗೆ ಕರೆತರಬೇಡ ಎಂಬುದು ಆತನ ತಾಕೀತು.

ನಿನ್ನ ತಂಡದಲ್ಲಿ ಆಡುವವರೇ ಕಪ್ಪು ಜನರಲ್ಲವೇ ಎಂದು ಆಕೆ ಕೇಳಿದಳು. ಅವರಿಗೆ ಊಟ, ಬಟ್ಟೆ, ಕಾರು, ಮನೆ ಕೊಡುತ್ತಿರುವವನು ನಾನು ಎಂಬರ್ಥದಲ್ಲಿ ಆತ ಉತ್ತರಿಸಿದ. ಆಟವನ್ನು ನಡೆಸುತ್ತಿರುವವನು ತಾನೋ ಅವರೋ ಎಂದೂ ಕೇಳಿದ.

ಇಡೀ ಪ್ರಕರಣದ ತಿರುಳು ಈ ಪ್ರಶ್ನೆಯಲ್ಲೇ ಇದೆ. ಎನ್‌ಬಿಎ ಆಟಗಾರರಲ್ಲಿ ಸುಮಾರು ಮುಕ್ಕಾಲು ಪಾಲು ಕಪ್ಪುವರ್ಣೀಯರು. ಆಗ 30 ತಂಡಗಳ ಪ್ರಧಾನ ಮಾಲೀಕರಲ್ಲಿ ಕಪ್ಪುವರ್ಣೀಯ ಒಬ್ಬನೇ, ಷಾರ್ಲೆಟ್ ತಂಡದ ಮೈಕೆಲ್ ಜೋರ್ಡನ್. ಬೆವರು ಒಂದು ಕಡೆಯದು, ಹಕ್ಕುಪತ್ರ ಇನ್ನೊಂದು ಕಡೆಯದು. ಸ್ಟರ್ಲಿಂಗ್ ಆ ಅಂತರವನ್ನು ಬಾಯಿಬಿಟ್ಟು ಹೇಳಿದ, ಅದೂ ತಾನು ಅನ್ನದಾತ ಎಂಬ ಧಾಟಿಯಲ್ಲಿ.

ಮೊದಲೇ ಗೊತ್ತಿದ್ದ ಮನುಷ್ಯ

ಧ್ವನಿಮುದ್ರಿಕೆ ಕೇಳಿ ಎಲ್ಲರೂ ಬೆಚ್ಚಿಬಿದ್ದರು. ಬೆಚ್ಚಿಬೀಳುವುದಕ್ಕೆ ಕಾರಣವಿರಲಿಲ್ಲ.

ಸ್ಟರ್ಲಿಂಗ್ ವಕೀಲ, ಲಾಸ್ ಏಂಜಲೀಸ್ ಸುತ್ತಮುತ್ತ ಸಾವಿರಾರು ಬಾಡಿಗೆ ಮನೆಗಳ ಒಡೆಯ. 1981ರಲ್ಲಿ ಸ್ಯಾನ್ ಡಿಯಾಗೋದಲ್ಲಿದ್ದ ಕ್ಲಿಪ್ಪರ್ಸ್ ತಂಡವನ್ನು 1 ಕೋಟಿ 25 ಲಕ್ಷ ಡಾಲರಿಗೆ ಕೊಂಡ. 1984ರಲ್ಲಿ ಅದನ್ನು ಲಾಸ್ ಏಂಜಲೀಸ್‌ಗೆ ತಂದ. ಮುಂದಿನ ಇಪ್ಪತ್ತೈದಕ್ಕೂ ಹೆಚ್ಚು ವರ್ಷ, ಅಲ್ಲೊಂದು ಇಲ್ಲೊಂದು ಒಳ್ಳೆಯ ವರ್ಷ ಬಿಟ್ಟರೆ, ತಂಡ ಸೋಲುತ್ತಲೇ ಬಂತು. ಆದರೆ ಅದರ ಬೆಲೆ ಮಾತ್ರ ಏರುತ್ತಲೇ ಹೋಯಿತು.

2006ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ಆತನ ಮೇಲೆ ಮೊಕದ್ದಮೆ ಹೂಡಿತು. ಬೆವರ್ಲಿ ಹಿಲ್ಸ್‌ನಂಥ ಕಡೆ ಕಪ್ಪುವರ್ಣೀಯರಿಗೆ ಮನೆ ಬಾಡಿಗೆಗೆ ಕೊಡುವುದಿಲ್ಲ, ಕೊರಿಯಾಟೌನ್ ಬಡಾವಣೆಯಲ್ಲಿ ಕೊರಿಯನ್ನರಲ್ಲದವರಿಗೆ ಕೊಡುವುದಿಲ್ಲ, ಮಕ್ಕಳಿರುವ ಕುಟುಂಬಗಳನ್ನು ದೂರ ಇಡುತ್ತಾನೆ ಎಂಬುದು ಆರೋಪ. ಆತ ತಪ್ಪೊಪ್ಪಿಕೊಳ್ಳಲಿಲ್ಲ. ಆದರೆ 2009ರಲ್ಲಿ 27 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟು ರಾಜಿ ಮಾಡಿಕೊಂಡ. ಮನೆ ಬಾಡಿಗೆಯಲ್ಲಿ ತಾರತಮ್ಯದ ಪ್ರಕರಣಗಳಲ್ಲಿ ಇಲಾಖೆ ಅಲ್ಲಿಯವರೆಗೆ ಪಡೆದದ್ದರಲ್ಲಿ ಅತಿ ದೊಡ್ಡ ಮೊತ್ತ ಅದು. ಅದಕ್ಕೂ ಮುಂಚೆ ಬಾಡಿಗೆದಾರರ ಪರ ಸಂಸ್ಥೆಯೊಂದು ಹೂಡಿದ್ದ ಇನ್ನೊಂದು ಮೊಕದ್ದಮೆಯೂ ರಾಜಿಯಲ್ಲೇ ಮುಗಿದಿತ್ತು.

ಇದೆಲ್ಲ ಪತ್ರಿಕೆಗಳಲ್ಲಿ ಬಂದಿತ್ತು, ನ್ಯಾಯಾಲಯದ ದಾಖಲೆಗಳಲ್ಲಿತ್ತು. ಎನ್‌ಬಿಎ ಏನೂ ಮಾಡಲಿಲ್ಲ. ಪ್ರಾಯೋಜಕರು ತಂಡದ ಜೊತೆಗೇ ಉಳಿದರು. ಕಪ್ಪುವರ್ಣೀಯರ ಹಕ್ಕಿಗಾಗಿ ಹುಟ್ಟಿದ ಹಳೆಯ ಸಂಸ್ಥೆ ಎನ್‌ಎಎಸಿಪಿಯ ಲಾಸ್ ಏಂಜಲೀಸ್ ಶಾಖೆಯಂತೂ 2014ರ ಮೇ ತಿಂಗಳಲ್ಲಿ ಅದೇ ಮನುಷ್ಯನಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಡಲು ಸಿದ್ಧವಾಗಿತ್ತು. ಧ್ವನಿಮುದ್ರಿಕೆ ಹೊರಬಿದ್ದ ಮೇಲೆ ಗಡಿಬಿಡಿಯಲ್ಲಿ ಹಿಂತೆಗೆದುಕೊಂಡಿತು.

ಮಹಾನ್ ಆಟಗಾರ ಕರೀಂ ಅಬ್ದುಲ್ ಜಬ್ಬಾರ್ ಆ ವಾರ 'ಟೈಮ್' ಪತ್ರಿಕೆಯಲ್ಲಿ ಇದನ್ನೇ ಎತ್ತಿ ಬರೆದರು. ಮನೆ ಕೊಡದೆ ಜನರನ್ನು ಅಲೆಸಿದ ಆರೋಪ ಬಂದಾಗ ಇಲ್ಲದ ಸಿಟ್ಟು ಈಗೇಕೆ ಎಂದು ಕೇಳಿದರು. ಆಟದೊಳಗಿನವರು ಕೇಳಬೇಕಾದ ಮಾತೇ ಅದು. ಮನೆ ಸಿಗದ ಬಾಡಿಗೆದಾರರ ಹಿಂದೆ ಟಿ.ವಿ. ಕ್ಯಾಮೆರಾ ಇರಲಿಲ್ಲ, ಅವರ ಸಂಕಟವನ್ನು ಯಾರೂ ಧ್ವನಿಮುದ್ರಿಸಿರಲಿಲ್ಲ. ಅಧಿಕಾರವಿದ್ದವರು ವರ್ಷಗಟ್ಟಲೆ ಕಣ್ಣು ಮುಚ್ಚಿಕೊಂಡಿದ್ದರು. ಕೊನೆಗೆ ಆ ಬಾಕಿ ಲೆಕ್ಕ ಹತ್ತು ಹನ್ನೆರಡು ಮಂದಿ ಆಟಗಾರರ ತಲೆಯ ಮೇಲೆ, ಅದೂ ಪ್ಲೇ ಆಫ್ ನಡುವೆ ಬಂದು ಬಿತ್ತು.

ಮಾಲೀಕನನ್ನು ತೆಗೆಯುವುದು ಹೇಗೆ?

ಐಪಿಎಲ್ ಬಂದ ಮೇಲೆ ತಂಡಕ್ಕೊಬ್ಬ ಮಾಲೀಕ ಎಂಬ ಏರ್ಪಾಡು ನಮಗೂ ಪರಿಚಿತವೇ. ಎನ್‌ಬಿಎ ಕೂಡ ಅಂಥ ಮಾಲೀಕರ ಕೂಟ. 30 ಮಾಲೀಕರು ಸೇರಿ ನಿಯಮ ಮಾಡುತ್ತಾರೆ, ಟಿ.ವಿ. ಹಕ್ಕಿನ ಹಣ ಹಂಚಿಕೊಳ್ಳುತ್ತಾರೆ, ಒಬ್ಬ ಕಮಿಷನರನ್ನು ನೇಮಿಸಿಕೊಳ್ಳುತ್ತಾರೆ. ಮುಂಬೈಯಲ್ಲಿ ಹುಟ್ಟಿದ ವಿವೇಕ್ ರಣದಿವೆ ಕೂಡ 2013ರಿಂದ ಸ್ಯಾಕ್ರಮೆಂಟೊ ತಂಡದ ಪ್ರಧಾನ ಮಾಲೀಕರಾಗಿ ಆ ಕೂಟದಲ್ಲಿದ್ದರು.

ಕಮಿಷನರ್ ಎಂದರೆ ಮಾಲೀಕರ ಮೇಲಿನ ದೊರೆ ಎಂದುಕೊಳ್ಳುವವರಿದ್ದಾರೆ. ನಿಜದಲ್ಲಿ ಆತ ಅವರೇ ಸಂಬಳ ಕೊಟ್ಟು ಇಟ್ಟುಕೊಂಡ ಆಡಳಿತಗಾರ. ದಂಡ ಹಾಕಬಹುದು, ಅದಕ್ಕೂ ಮಿತಿ ಉಂಟು, ನಿಷೇಧಿಸಬಹುದು. ತಂಡವನ್ನೇ ಕೈಬಿಡುವಂತೆ ಮಾಡಬೇಕಾದರೆ ಉಳಿದ ಮಾಲೀಕರಲ್ಲಿ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಇಂದು ಅವನನ್ನು ತೆಗೆದರೆ ನಾಳೆ ತಮ್ಮ ಸರದಿಯೂ ಬರಬಹುದು ಎಂಬ ಅಳುಕು ಮತ ಹಾಕುವವರಿಗೆ ಇದ್ದೇ ಇರುತ್ತದೆ.

ಇದೆಲ್ಲದರಲ್ಲಿ ಆಟಗಾರರಿಗೆ ಮತವಿಲ್ಲ. ಅವರ ಕೈಯಲ್ಲಿರುವುದು ಆಡುವುದು ಅಥವಾ ಆಡದಿರುವುದು, ಅಷ್ಟೇ.

ಅತ್ತ ದರಿ, ಇತ್ತ ಪುಲಿ

ಶನಿವಾರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಭ್ಯಾಸಕ್ಕೆ ಮುನ್ನ ಕ್ಲಿಪ್ಪರ್ಸ್ ತಂಡ ಕೂತು ಮಾತಾಡಿತು. ತರಬೇತುದಾರ ಡಾಕ್ ರಿವರ್ಸ್ ಕೂಡ ಕಪ್ಪುವರ್ಣೀಯರು, ಮಾಜಿ ಆಟಗಾರರು. ಬಹಿಷ್ಕಾರದ ಮಾತು ಬಂದಿತ್ತು, ಆದರೆ ಆಡುವುದೆಂದು ಎಲ್ಲರೂ ಒಪ್ಪಿದರು ಎಂದು ಅವರೇ ಹೊರಗೆ ಬಂದು ಹೇಳಿದರು. ಸ್ಟರ್ಲಿಂಗ್‌ಗಾಗಿ ಆಡುವುದು ಚಿಕ್ಕಂದಿನ ಕನಸಿನಲ್ಲಿ ಯಾರಿಗೂ ಇರಲಿಲ್ಲ. ಆಡುವುದು ನಮಗಾಗಿ, ಒಬ್ಬರಿಗೊಬ್ಬರಿಗಾಗಿ ಎಂಬುದು ಅವರ ನಿಲುವಾಗಿತ್ತು.

ಆಡದಿದ್ದರೆ ಏನಾಗುತ್ತಿತ್ತು? ಪಂದ್ಯ ಕೈಬಿಟ್ಟುಹೋಗಬಹುದಿತ್ತು, ಪ್ರಶಸ್ತಿಯ ಆಸೆಯೂ ಅದರ ಹಿಂದೆಯೇ. ದಶಕಗಳ ಕಾಲ ನಗೆಪಾಟಲಾಗಿದ್ದ ತಂಡ ಕ್ರಿಸ್ ಪಾಲ್, ಬ್ಲೇಕ್ ಗ್ರಿಫಿನ್, ಡಿಆಂಡ್ರೆ ಜೋರ್ಡನ್ ಬಂದ ಮೇಲಷ್ಟೇ ತಲೆಯೆತ್ತಿತ್ತು. ಆ ಏಳಿಗೆಯಲ್ಲಿ ಸ್ಟರ್ಲಿಂಗನ ಪಾಲಿಗಿಂತ ಅವರ ಪಾಲು ದೊಡ್ಡದು. ಅದನ್ನು ಬಿಟ್ಟು ನಡೆದರೆ ಮಣ್ಣುಪಾಲಾಗುವುದು ಅವರದೇ ದುಡಿಮೆ. ಎಂಬತ್ತು ವಯಸ್ಸಿನ ಶ್ರೀಮಂತನಿಗೆ ಒಂದು ಪ್ಲೇ ಆಫ್ ಹೋದರೆ ಎಷ್ಟು ನಷ್ಟ? ಆಟಗಾರನ ವೃತ್ತಿಯಾದರೋ ಕೆಲವೇ ವರ್ಷಗಳದು. ಮೊಣಕಾಲು ಒಮ್ಮೆ ಕೈಕೊಟ್ಟರೆ ಮುಗಿಯಿತು.

ಕಾನೂನಿನ ಕಟ್ಟೂ ಇತ್ತು. ಆಟಗಾರರ ಸಂಘ ಮತ್ತು ಎನ್‌ಬಿಎ ನಡುವಿನ ಸಾಮೂಹಿಕ ಒಪ್ಪಂದದಲ್ಲಿ, ಒಪ್ಪಂದದ ಅವಧಿಯಲ್ಲಿ ಮುಷ್ಕರ ಹೂಡುವಂತಿಲ್ಲ ಎಂಬ ಷರತ್ತಿದೆ. ಆಡಲೊಲ್ಲೆ ಎಂದರೆ ಷರತ್ತು ಮುರಿದಂತೆ. ಸಂಬಳ ಕಡಿತ, ಶಿಸ್ತು ಕ್ರಮ ಏನು ಬೇಕಾದರೂ ಆಗಬಹುದು. ತಂಡದಲ್ಲಿ ಕೋಟಿ ಎಣಿಸುವವರಿದ್ದಂತೆ ಒಂದು ವರ್ಷದ ಕರಾರಿನ ಮೇಲೆ ಬಂದು ಮುಂದಿನ ವರ್ಷದ ಗ್ಯಾರಂಟಿ ಇಲ್ಲದ ಹುಡುಗರೂ ಇರುತ್ತಾರೆ. ದೊಡ್ಡವನು ಬಹಿಷ್ಕಾರ ಎಂದರೆ ಚಿಕ್ಕವನು ಬೇಡ ಎನ್ನಲಾರ, ಬೆಲೆ ತೆರುವಾಗ ಮಾತ್ರ ಚಿಕ್ಕವನಿಗೇ ಹೆಚ್ಚು.

ಆ ಹೊತ್ತಿಗೆ ಸಂಘವೂ ದಿಕ್ಕಿಲ್ಲದ ಸ್ಥಿತಿಯಲ್ಲಿತ್ತು. ಅದರ ಕಾರ್ಯನಿರ್ವಾಹಕ ನಿರ್ದೇಶಕರನ್ನು 2013ರಲ್ಲಿ ತೆಗೆದುಹಾಕಿ ಹೊಸಬರನ್ನು ನೇಮಿಸಿರಲಿಲ್ಲ. ಸಂಘದ ಅಧ್ಯಕ್ಷ ಕ್ರಿಸ್ ಪಾಲ್ ತಾನೇ ಕ್ಲಿಪ್ಪರ್ಸ್ ಆಟಗಾರ. ಎದುರು ತಂಡದ ಸ್ಟೀಫನ್ ಕರಿಯನ್ನು ತಡೆಯುವ ಕೆಲಸ, ತನ್ನ ಡ್ರೆಸ್ಸಿಂಗ್ ರೂಮಿನ ಸಿಟ್ಟನ್ನು ಹಿಡಿದಿಡುವ ಕೆಲಸ, ಎನ್‌ಬಿಎಯ ಎಲ್ಲ ಆಟಗಾರರ ಪರ ಮಾತಾಡುವ ಕೆಲಸ ಮೂರೂ ಅವರೊಬ್ಬರ ಮೇಲಿತ್ತು. ಹೊರಗಿನ ಮಾತುಕತೆಗೆ ಹಳೆಯ ಆಟಗಾರ, ಆಗ ಸ್ಯಾಕ್ರಮೆಂಟೊ ನಗರದ ಮೇಯರ್ ಆಗಿದ್ದ ಕೆವಿನ್ ಜಾನ್ಸನ್ ಅವರ ನೆರವು ಕೇಳಿದರು.

ಅಂಗಿ ತಿರುವಿ ತೊಟ್ಟದ್ದು ಈ ಎಲ್ಲ ಒತ್ತಡಗಳ ನಡುವೆ. ಆಡಿ ಸುಮ್ಮನಿರಲೂ ಆಗದು, ಬಿಟ್ಟು ನಡೆಯಲೂ ಆಗದು; ಇವೆರಡರ ನಡುವೆ ಒಂದು ರಾತ್ರಿಯಲ್ಲಿ ಸಿಕ್ಕಿದ ದಾರಿ ಅದು. ತನಗೆ ವಿಷಯ ಗೊತ್ತಿತ್ತು, ಅಷ್ಟೇನೂ ಹಿಡಿಸಿರಲಿಲ್ಲ, ಆದರೆ ಅಡ್ಡ ಬರಲಿಲ್ಲ ಎಂದು ರಿವರ್ಸ್ ಆಮೇಲೆ ಹೇಳಿದರು. ಅಡ್ಡ ಬರದೆ ಬಿಟ್ಟದ್ದು ದೊಡ್ಡ ಗುಣ.

ಎಲ್ಜಿನ್ ಬೇಲರ್

ಈ ಕತೆಯಲ್ಲಿ ಹೆಚ್ಚು ನೆನೆಯಬೇಕಾದ ಒಬ್ಬರಿದ್ದಾರೆ. ಆ ವಾರ ಅವರ ಹೆಸರು ಅಷ್ಟಾಗಿ ಕೇಳಿಬರಲಿಲ್ಲ.

1959ರ ಜನವರಿ. ಆಗ ಮಿನಿಯಾಪೊಲಿಸ್‌ನಲ್ಲಿದ್ದ ಲೇಕರ್ಸ್ ತಂಡ ವೆಸ್ಟ್ ವರ್ಜೀನಿಯಾದ ಚಾರ್ಲ್ಸ್‌ಟನ್‌ಗೆ ಪಂದ್ಯ ಆಡಲು ಹೋಗಿತ್ತು. ತಂಡದ ಕಪ್ಪುವರ್ಣೀಯ ಆಟಗಾರರಿಗೆ ಕೋಣೆ ಕೊಡಲು ಹೋಟೆಲಿನವರು ಒಪ್ಪಲಿಲ್ಲ. ಎಲ್ಜಿನ್ ಬೇಲರ್‌ಗೆ ಅದು ಎನ್‌ಬಿಎಯಲ್ಲಿ ಮೊದಲ ವರ್ಷ, ವಯಸ್ಸು 24. ಆ ರಾತ್ರಿ ಅವರು ಆಡಲಿಲ್ಲ, ಒಬ್ಬರೇ ಹೊರಗೆ ಕೂತರು. ಹಿಂದೆ ಸಂಘವಿರಲಿಲ್ಲ, ಕ್ಯಾಮೆರಾ ಇರಲಿಲ್ಲ, ಮಾಡಿ ತೋರಿಸಿದವರೂ ಹೆಚ್ಚಿರಲಿಲ್ಲ. ಎರಡು ವರ್ಷಗಳ ನಂತರ ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಬಿಲ್ ರಸೆಲ್ ಮತ್ತು ಬಾಸ್ಟನ್ ತಂಡದ ಕಪ್ಪುವರ್ಣೀಯ ಸಂಗಡಿಗರು ಹೋಟೆಲಿನಲ್ಲಿ ಊಟ ಕೊಡದ್ದಕ್ಕೆ ಪಂದ್ಯ ಬಿಟ್ಟು ಹೊರಟರು.

1964ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ತಾರಾ ಪಂದ್ಯಕ್ಕೆ ಸೇರಿದ್ದ ಆಟಗಾರರೆಲ್ಲ ನಿವೃತ್ತಿ ವೇತನದ ಭರವಸೆ ಸಿಗುವ ತನಕ ಡ್ರೆಸ್ಸಿಂಗ್ ರೂಮಿನಿಂದ ಹೊರಬರಲಿಲ್ಲ. ಪಂದ್ಯದ ನೇರ ಪ್ರಸಾರಕ್ಕೆ ಕ್ಯಾಮೆರಾಗಳು ಕಾದಿದ್ದವು. ಲೇಕರ್ಸ್ ಮಾಲೀಕ ತನ್ನ ಆಟಗಾರರಿಗೆ ಬೆದರಿಕೆಯ ಮಾತು ಹೇಳಿಕಳುಹಿಸಿದ. ಒಳಗಿದ್ದವರಲ್ಲಿ ಬೇಲರ್ ಒಬ್ಬರು, ಅವರು ಜಗ್ಗಲಿಲ್ಲ. ಭರವಸೆ ಸಿಕ್ಕಿತು.

ಇದೇ ಬೇಲರ್ 1986ರಿಂದ 2008ರವರೆಗೆ, 22 ವರ್ಷ, ಸ್ಟರ್ಲಿಂಗ್‌ನ ಕ್ಲಿಪ್ಪರ್ಸ್ ತಂಡದ ಪ್ರಧಾನ ವ್ಯವಸ್ಥಾಪಕರಾಗಿದ್ದರು. ಹೊರಬಿದ್ದ ಮೇಲೆ 2009ರಲ್ಲಿ ವಯಸ್ಸು ಮತ್ತು ಬಣ್ಣದ ಕಾರಣಕ್ಕೆ ತಾರತಮ್ಯ ಮಾಡಿದರೆಂದು ಮೊಕದ್ದಮೆ ಹೂಡಿದರು. ಬಡ ಕಪ್ಪು ಹುಡುಗರ ತಂಡ ಬೇಕು, ತರಬೇತುದಾರ ಮಾತ್ರ ಬಿಳಿಯನಿರಬೇಕು ಎಂಬ ಮನಸ್ಸು ಮಾಲೀಕನದು ಎಂದು ಆರೋಪಿಸಿದರು. ಬಣ್ಣದ ಕುರಿತ ಆರೋಪವನ್ನು ವಿಚಾರಣೆಗೆ ಮುನ್ನ ಕೈಬಿಡಲಾಯಿತು. 2011ರಲ್ಲಿ ಜ್ಯೂರಿ ಸ್ಟರ್ಲಿಂಗ್ ಪರವಾಗಿ ತೀರ್ಪು ಕೊಟ್ಟಿತು. ಆಗಲೂ ಎನ್‌ಬಿಎ ಸುಮ್ಮನಿತ್ತು.

24ರ ಹರೆಯದಲ್ಲಿ ಒಬ್ಬಂಟಿಯಾಗಿ ಆಟ ನಿರಾಕರಿಸಿದವರೇ 22 ವರ್ಷ ಸ್ಟರ್ಲಿಂಗ್‌ನಂಥ ಮನುಷ್ಯನ ಕೈಕೆಳಗೆ ದುಡಿದರು. ಹಾಗೆಂದು ಬೇಲರ್ ಬದಲಾಗಿಬಿಟ್ಟರು ಎಂದು ತೀರ್ಮಾನಿಸಲು ನನಗೆ ಮನಸ್ಸು ಬಾರದು. ಪ್ರತಿಭಟನೆ ಒಂದು ಸಂಜೆಯದಾದರೆ ಹೊಟ್ಟೆಪಾಡು ಪ್ರತಿದಿನದ್ದು. ಆಡದ ಸಂಜೆಯನ್ನು ನಾವು ಕೊಂಡಾಡುತ್ತೇವೆ, ದುಡಿಯಬೇಕಾಗಿ ಬಂದ ಸಾವಿರಾರು ದಿನಗಳನ್ನು ಕೇಳುವವರಿಲ್ಲ.

ಎದುರಾಳಿಯೂ ಜೊತೆಗೆ

ಮತ್ತೆ 2014ಕ್ಕೆ ಬರೋಣ. ಭಾನುವಾರದ ಸೋಲಿನ ನಂತರ ಎರಡೇ ದಿನದಲ್ಲಿ, ಏಪ್ರಿಲ್ 29ರ ಮಂಗಳವಾರ ಸಂಜೆ ಲಾಸ್ ಏಂಜಲೀಸ್‌ನಲ್ಲಿ ಐದನೇ ಪಂದ್ಯ. ಅಷ್ಟರಲ್ಲಿ ಪ್ರತಿಭಟನೆ ಹಬ್ಬಿತ್ತು. ಸೋಮವಾರ ಮಯಾಮಿ ಹೀಟ್ ಆಟಗಾರರೂ ಅಂಗಿ ತಿರುವಿ ತೊಟ್ಟರು. ಕಾರ್‌ಮ್ಯಾಕ್ಸ್, ವರ್ಜಿನ್ ಅಮೆರಿಕ ಸಂಸ್ಥೆಗಳು ಕ್ಲಿಪ್ಪರ್ಸ್ ಪ್ರಾಯೋಜಕತ್ವ ಕೈಬಿಟ್ಟವು. ಕಿಯಾ, ಸ್ಟೇಟ್ ಫಾರ್ಮ್ ತಡೆಹಿಡಿದವು. ವಾರಿಯರ್ಸ್ ತರಬೇತುದಾರ ಮಾರ್ಕ್ ಜಾಕ್ಸನ್, ಪ್ರೇಕ್ಷಕರು ಐದನೇ ಪಂದ್ಯಕ್ಕೆ ಬರದಿರುವುದೇ ಗಟ್ಟಿಯಾದ ಉತ್ತರ ಎಂದರು.

ಎನ್‌ಬಿಎ ಕಮಿಷನರ್ ಆಡಂ ಸಿಲ್ವರ್ ಆ ಹುದ್ದೆಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಮಂಗಳವಾರ ಮಧ್ಯಾಹ್ನ ನಿರ್ಧಾರ ಪ್ರಕಟಿಸುವುದಾಗಿ ಹೇಳಿದ್ದರು. ಆ ಹೊತ್ತಿಗೆ ವಾರಿಯರ್ಸ್ ಆಟಗಾರರು ಒಂದು ತೀರ್ಮಾನಕ್ಕೆ ಬಂದಿದ್ದರು. ಎಂದಿನಂತೆ ತಾಲೀಮು ಮಾಡುವುದು, ರಾಷ್ಟ್ರಗೀತೆಗೆ ನಿಲ್ಲುವುದು, ಅಂಕಣಕ್ಕಿಳಿದು ಎದುರಾಳಿಗಳ ಕೈಮುಟ್ಟುವುದು. ರೆಫರಿ ಚೆಂಡನ್ನು ಮೇಲಕ್ಕೆ ಎಸೆದೊಡನೆ ಎಲ್ಲರೂ ಹೊರನಡೆಯುವುದು. ಕ್ಲಿಪ್ಪರ್ಸ್ ಆಟಗಾರರೂ ಹಿಂದೆಯೇ ಬರುತ್ತಾರೆಂಬ ನಂಬಿಕೆ. ಶಿಕ್ಷೆ ಕಡಿಮೆಯಾದರೆ ಮಾತ್ರ ಹೀಗೆ. ಇಂಥ ಯೋಜನೆ ಇದ್ದದ್ದು ನಿಜವೆಂದು ಕರಿ ಆಮೇಲೆ ಒಪ್ಪಿಕೊಂಡರು. ಶಿಕ್ಷೆ ಸಾಲದೆಂದು ಕಂಡರೆ ಆಟಗಾರರು ಪಂದ್ಯ ಬಿಡಲು ಸಿದ್ಧರಿದ್ದರು ಎಂದು ಸಂಘದ ಉಪಾಧ್ಯಕ್ಷ ರೋಜರ್ ಮೇಸನ್ ಕೂಡ ಹೇಳಿದರು.

ಭಾನುವಾರಕ್ಕೂ ಮಂಗಳವಾರಕ್ಕೂ ಇದ್ದ ವ್ಯತ್ಯಾಸ ಇದೇ. ಭಾನುವಾರ ಕ್ಲಿಪ್ಪರ್ಸ್ ಒಬ್ಬರೇ ಬಿಟ್ಟಿದ್ದರೆ ಲಾಭ ವಾರಿಯರ್ಸ್‌ದಾಗುತ್ತಿತ್ತು, ಎನ್‌ಬಿಎ ಮುಂದಕ್ಕೆ ಸಾಗುತ್ತಿತ್ತು. ಮಂಗಳವಾರ ಎದುರಾಳಿಯೇ ಮೊದಲು ಹೊರಡಲು ಎದ್ದು ನಿಂತಾಗ ಗೆಲ್ಲಲು ಯಾರೂ ಉಳಿಯುತ್ತಿರಲಿಲ್ಲ. ಒಂದು ತಂಡದ ಸಂಕಟವಾಗಿದ್ದದ್ದು ಎರಡೇ ದಿನಗಳಲ್ಲಿ ಇಡೀ ಆಟದ ಸಂಕಟವಾಯಿತು.

ಸಿಲ್ವರ್ ಸ್ಟರ್ಲಿಂಗ್‌ಗೆ ಜೀವಮಾನ ನಿಷೇಧ ಹೇರಿದರು. ಆಗಿನ ನಿಯಮದಲ್ಲಿ ಹಾಕಬಹುದಾಗಿದ್ದ ಗರಿಷ್ಠ ದಂಡ, 25 ಲಕ್ಷ ಡಾಲರ್, ಹಾಕಿದರು. ತಂಡ ಮಾರಿಸಲು ಉಳಿದ ಮಾಲೀಕರ ಮತ ಕೇಳುವುದಾಗಿ ಸಾರಿದರು. ಆ ಸಂಜೆ ಕ್ಲಿಪ್ಪರ್ಸ್ 113-103ರಿಂದ ಗೆದ್ದರು. ಸರಣಿಯನ್ನೂ ಏಳನೇ ಪಂದ್ಯದಲ್ಲಿ ಗೆದ್ದರು, ಮುಂದಿನ ಸುತ್ತಿನಲ್ಲಿ ಒಕ್ಲಹೋಮ ಸಿಟಿಗೆ ಸೋತರು.

ಸಿಲ್ವರ್ ಅವರ ದಿಟ್ಟತನವನ್ನು ಎಲ್ಲರೂ ಹೊಗಳಿದರು, ಹೊಗಳಿಕೆಗೆ ಅವರು ಅರ್ಹರೂ ಹೌದು. ಆದರೆ ಅವರ ನಿರ್ಧಾರದ ಹಿಂದೆ ಅಂಕಣ ಬಿಡಲು ಸಿದ್ಧವಾಗಿದ್ದ ಆಟಗಾರರಿದ್ದರು ಎಂಬುದನ್ನು ಮರೆತರೆ ಅರ್ಧ ಕತೆ ಹೇಳಿದಂತೆ.

ಹೋದವನ ಗಂಟು

ಸ್ಟರ್ಲಿಂಗ್ ಸುಲಭವಾಗಿ ಬಿಡಲಿಲ್ಲ. ಆತನ ಪತ್ನಿ ಶೆಲ್ಲಿ, ಮೈಕ್ರೋಸಾಫ್ಟ್‌ನ ಮಾಜಿ ಮುಖ್ಯಸ್ಥ ಸ್ಟೀವ್ ಬಾಮರ್ ಅವರಿಗೆ 200 ಕೋಟಿ ಡಾಲರಿಗೆ ತಂಡ ಮಾರುವ ಒಪ್ಪಂದ ಮಾಡಿಕೊಂಡರು. ಆತ ನ್ಯಾಯಾಲಯಕ್ಕೆ ಹೋದ. ಅಲ್ಲಿ ಸೋತ ಮೇಲೆ, ಆಗಸ್ಟ್ 12ರಂದು ಮಾರಾಟ ಮುಗಿಯಿತು. ಅದೇ ವರ್ಷ ಮಿಲ್ವಾಕೀ ಬಕ್ಸ್ ತಂಡ 55 ಕೋಟಿ ಡಾಲರಿಗೆ ಹೋದದ್ದೇ ಅಲ್ಲಿಯವರೆಗಿನ ದಾಖಲೆ.

ಲೆಕ್ಕ ನೋಡಿ. 1 ಕೋಟಿ 25 ಲಕ್ಷಕ್ಕೆ ಕೊಂಡದ್ದು 200 ಕೋಟಿಯಾಯಿತು. ನ್ಯಾಯ ಇಲಾಖೆಯ ಮೊಕದ್ದಮೆಯ ರಾಜಿ ಹಣ, ಎನ್‌ಬಿಎ ದಂಡ ಎರಡನ್ನೂ ಸೇರಿಸಿದರೂ ಆ ಮೊತ್ತದ ಶೇಕಡ ಒಂದರ ಮೂರನೇ ಒಂದು ಭಾಗವೂ ಆಗದು. ತಂಡದಿಂದ ಹೊರಹಾಕುವುದೇ ಶಿಕ್ಷೆಯಾದಾಗ ಹೊರಹಾಕಿಸಿಕೊಂಡವನು ಇನ್ನಷ್ಟು ಸಿರಿವಂತನಾಗುತ್ತಾನೆ. ಆಟಗಾರರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಬೇರೆ ದಾರಿ ನಿಯಮಗಳಲ್ಲಿ ಇರಲಿಲ್ಲ.

ಅನಂತರದ ತಂಡಗಳು

2020ರಲ್ಲಿ ಮಹಿಳೆಯರ ಲೀಗಿನ ಅಟ್ಲಾಂಟಾ ಡ್ರೀಮ್ ಆಟಗಾರ್ತಿಯರಿಗೆ ಇಂಥದೇ ಇಕ್ಕಟ್ಟು ಬಂತು. ತಂಡದ ಸಹ ಮಾಲೀಕರಾದ ಕೆಲ್ಲಿ ಲೆಫ್ಲರ್ ಜಾರ್ಜಿಯಾದ ಸೆನೆಟರ್ ಆಗಿದ್ದರು. ಕಪ್ಪು ಜನರ ಜೀವಕ್ಕೂ ಬೆಲೆಯಿದೆ ಎಂಬ ಚಳವಳಿಯೊಂದಿಗೆ ಲೀಗ್ ಕೈಜೋಡಿಸಬಾರದೆಂದು ಅವರು ಕಮಿಷನರ್‌ಗೆ ಪತ್ರ ಬರೆದರು. ಆಟಗಾರ್ತಿಯರು ಪಂದ್ಯ ಬಿಡಲಿಲ್ಲ. ಆಗಸ್ಟ್‌ನಲ್ಲಿ, ಲೆಫ್ಲರ್ ಎದುರು ಚುನಾವಣೆಗೆ ನಿಂತಿದ್ದ ಪಾದ್ರಿ ರಾಫೆಲ್ ವಾರ್ನಾಕ್‌ಗೆ ಮತ ಹಾಕಿ ಎಂಬ ಅಂಗಿ ತೊಟ್ಟು ಬಂದರು. ಬೇರೆ ತಂಡಗಳೂ ತೊಟ್ಟವು. ಆಗ ವಾರ್ನಾಕ್ ಹೆಸರು ಅಷ್ಟು ಜನರಿಗೆ ತಿಳಿದಿರಲಿಲ್ಲ. 2021ರ ಜನವರಿಯಲ್ಲಿ ಅವರು ಗೆದ್ದರು. ಮುಂದಿನ ತಿಂಗಳು ತಂಡ ಮಾರಾಟವಾಯಿತು. ಕೊಂಡವರಲ್ಲಿ ಒಬ್ಬರು ಅದೇ ತಂಡದ ಮಾಜಿ ಆಟಗಾರ್ತಿ ರೆನೆ ಮಾಂಟ್‌ಗೊಮರಿ. ಮಾಲೀಕರ ಮನೆಬಾಗಿಲಲ್ಲಿ ಕಾಯದೆ ಮತದಾರರ ಬಳಿಗೆ ಹೋದ ಆ ಹೆಣ್ಣುಮಕ್ಕಳ ಜಾಣ್ಮೆ ದೊಡ್ಡದು.

2020ರ ಅದೇ ಆಗಸ್ಟ್ 26ರಂದು ಮಿಲ್ವಾಕೀ ಬಕ್ಸ್ ಆಟಗಾರರು ಪ್ಲೇ ಆಫ್ ಪಂದ್ಯಕ್ಕೆ ಅಂಕಣಕ್ಕೇ ಬರಲಿಲ್ಲ. ಅವರ ರಾಜ್ಯದ ಕೆನೋಷಾ ಪಟ್ಟಣದಲ್ಲಿ ಪೊಲೀಸರು ಜೇಕಬ್ ಬ್ಲೇಕ್ ಎಂಬ ಕಪ್ಪುವರ್ಣೀಯನ ಬೆನ್ನಿಗೆ ಗುಂಡು ಹಾರಿಸಿದ್ದರು. ಆ ದಿನದ ಉಳಿದ ಪಂದ್ಯಗಳೂ ನಿಂತವು. ಮುಷ್ಕರ ಕೂಡದೆಂಬ ಷರತ್ತು ಆಗಲೂ ಇತ್ತು, ಆದರೂ ಯಾರ ಮೇಲೂ ಕ್ರಮವಾಗಲಿಲ್ಲ. ಅವರ ಸಿಟ್ಟು ಮಾಲೀಕರ ಮೇಲಿರಲಿಲ್ಲ, ಮಾಲೀಕರು ಬೆಂಬಲಿಸಿದರು. ಮಾಲೀಕನೇ ತಪ್ಪಿತಸ್ಥನಾದಾಗ ಆ ಆಸರೆ ಸಿಗದು.

2022ರಲ್ಲಿ ಸರದಿ ಫೀನಿಕ್ಸ್ ಸನ್ಸ್ ತಂಡದ ಮಾಲೀಕ ರಾಬರ್ಟ್ ಸಾರ್ವರ್‌ದು. ಕಪ್ಪುವರ್ಣೀಯರನ್ನು ಹೀಗಳೆಯುವ ಪದ ಬಳಸಿದ್ದು, ಮಹಿಳಾ ಸಿಬ್ಬಂದಿಯೊಂದಿಗೆ ಕೆಟ್ಟದಾಗಿ ನಡೆದುಕೊಂಡದ್ದು ತನಿಖೆಯಲ್ಲಿ ಸಾಬೀತಾಯಿತು. ತನಿಖೆ ನಡೆಸಿದವರು ಮುನ್ನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. ಎನ್‌ಬಿಎ ಒಂದು ವರ್ಷ ಅಮಾನತು, 1 ಕೋಟಿ ಡಾಲರ್ ದಂಡ ಎಂದಿತು. ಇಷ್ಟು ಸಾಲದೆಂದು ಬಹಿರಂಗವಾಗಿ ಹೇಳಿದವರಲ್ಲಿ ಒಬ್ಬರು ಆಗ ಫೀನಿಕ್ಸ್ ಪರ ಆಡುತ್ತಿದ್ದ ಕ್ರಿಸ್ ಪಾಲ್. ಎಂಟು ವರ್ಷಗಳಲ್ಲಿ ಎರಡನೇ ಬಾರಿ ಅವರದೇ ತಂಡ, ಅವರದೇ ಮಾಲೀಕ. ಸಾರ್ವರ್ ಉಳಿದರೆ ನಾವಿರೆವು ಎಂದು ಪ್ರಾಯೋಜಕ ಪೇಪಾಲ್ ತಿಳಿಸಿತು. ಶಿಕ್ಷೆ ಪ್ರಕಟವಾಗಿ ಎಂಟನೇ ದಿನಕ್ಕೆ ಸಾರ್ವರ್ ತಂಡ ಮಾರುವುದಾಗಿ ಹೇಳಿದ.

ಈ ಬಾರಿ ಆಟಗಾರರು ಅಂಗಿ ತಿರುವಬೇಕಾಗಲಿಲ್ಲ, ಪಂದ್ಯ ಬಿಡುವ ಮಾತು ಬರುವ ಮೊದಲೇ ಆತ ಹೊರಟ. 2004ರಲ್ಲಿ ಸುಮಾರು 40 ಕೋಟಿ ಡಾಲರಿಗೆ ಕೊಂಡಿದ್ದ ತಂಡಕ್ಕೆ ಮಾರಾಟದಲ್ಲಿ 400 ಕೋಟಿ ಬೆಲೆ ಕಟ್ಟಲಾಯಿತು.